ಗೃಹಸಾಲದ ನಿಯಮಗಳು: ಉತ್ತರ ಕನ್ನಡದ ಸಾಲಗಾರನನ್ನು ಎದುರಿಗಿಟ್ಟುಕೊಂಡು ಒಂದು ಓದು

ಗೃಹಸಾಲದ ಪಾಠವನ್ನು ಬಡ್ಡಿದರದಿಂದ ಆರಂಭಿಸುವುದು ವಾಡಿಕೆ. ನಮ್ಮ ಜಿಲ್ಲೆಯವರು ಜಾಗದ ಕಾಗದದಿಂದ ಆರಂಭಿಸಿದರೆ ವಿಷಯ ಬೇಗ ಅರ್ಥವಾಗುತ್ತದೆ. ಸಂಬಳ, ಕ್ರೆಡಿಟ್ ಸ್ಕೋರ್ ಎರಡೂ ಚೆನ್ನಾಗಿದ್ದರೂ ಕಾಗದ ಸರಿಯಿಲ್ಲದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಇದರ ಮೂಲ 2002ರ ಸರ್ಫೇಸಿ ಕಾಯ್ದೆಯಲ್ಲಿದೆ. ಸಾಲ ಸುಸ್ತಿಯಾದಾಗ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಅದು ಬ್ಯಾಂಕಿಗೆ ಕೊಡುತ್ತದೆ. ಆದರೆ 31ನೇ ಕಲಂ ಕೃಷಿ ಭೂಮಿಯನ್ನು ಈ ಅಧಿಕಾರದಿಂದ ಹೊರಗಿಟ್ಟಿದೆ. ಶಿರಸಿ ಕಡೆ ತೋಟದ ಅಂಚಿನಲ್ಲಿ ಮನೆ ಕಟ್ಟಲು ಸಾಲ ಕೇಳಿದವರಿಗೆ ಬ್ಯಾಂಕು ಮೊದಲು ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆಯ) ಆದೇಶ ತನ್ನಿ ಎನ್ನುವುದು ಇದೇ ಕಾರಣಕ್ಕೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದ್ದರೆ, ಅಣ್ಣತಮ್ಮಂದಿರ ನಡುವೆ ಹಿಸ್ಸೆ ಆಗಿರದಿದ್ದರೆ, ವಾರಸು ಮತ್ತು ಪೋಡಿಯ (ಅಳತೆ ಮಾಡಿ ಹಿಸ್ಸೆ ಬೇರ್ಪಡಿಸುವ) ಕೆಲಸ ಅದಕ್ಕೂ ಮೊದಲು ಮುಗಿಯಬೇಕು.

ಅರಣ್ಯ ಅತಿಕ್ರಮಣದ ಜಾಗದಲ್ಲಿ ವಾಸವಾಗಿರುವವರ ಸ್ಥಿತಿ ಇನ್ನೂ ಕಠಿಣ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕರೂ ಆ ಹಕ್ಕು ವಂಶಪಾರಂಪರ್ಯವಾಗಿ ಬರುತ್ತದೆಯೇ ಹೊರತು ಪರಭಾರೆ ಮಾಡುವಂತಿಲ್ಲ. ಮಾರಲಾಗದ ಜಾಗವನ್ನು ಬ್ಯಾಂಕು ಅಡಮಾನಕ್ಕೆ ಒಪ್ಪುವುದಿಲ್ಲ. ತಲೆಮಾರುಗಳಿಂದ ದುಡಿದು ಬದುಕಿದ ಕುಟುಂಬಗಳು ಕೈಗಡ, ಚೀಟಿ, ಬಂಗಾರದ ಸಾಲಗಳಲ್ಲೇ ಮನೆ ಕಟ್ಟಬೇಕಾಗುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಎಷ್ಟು ಸಾಲ ಸಿಗುತ್ತದೆ ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿಯಿದೆ: 30 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ 90, ಅಲ್ಲಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಇವು ಗರಿಷ್ಠ ಮಿತಿಗಳು. ಬ್ಯಾಂಕು ಕಡಿಮೆ ಕೊಡಬಹುದು. ಮನೆಯ ಬೆಲೆ 10 ಲಕ್ಷಕ್ಕಿಂತ ಹೆಚ್ಚಿದ್ದರೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ವೆಚ್ಚವನ್ನು ಈ ಲೆಕ್ಕದ ಮೌಲ್ಯಕ್ಕೆ ಸೇರಿಸುವಂತಿಲ್ಲ. ಹಾಗಾಗಿ 30 ಲಕ್ಷದ ಮನೆಗೆ ಕೈಯಿಂದ ಹಾಕಬೇಕಾದದ್ದು ಕನಿಷ್ಠ 3 ಲಕ್ಷ ಮತ್ತು ನೋಂದಣಿಯ ಪೂರ್ಣ ಖರ್ಚು.

ಇನ್ನು ಬಡ್ಡಿದರ. ಇಲ್ಲಿ ನಿಧಾನವಾಗಿ ಓದಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಬದಲಾಗುವ ದರದ ಗೃಹಸಾಲಗಳನ್ನು ರೆಪೊ ದರದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಬಾಹ್ಯ ಮಾನದಂಡಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಮರುನಿಗದಿ ಮಾಡಬೇಕು. ರೆಪೊ ದರ 2022ರ ಮೇ ಆರಂಭದಲ್ಲಿ ಶೇ 4 ಇದ್ದದ್ದು 2023ರ ಫೆಬ್ರುವರಿಯಲ್ಲಿ ಶೇ 6.5 ಆಯಿತು. ಆಗ ಅನೇಕರ ಕಂತು ಬದಲಾಗಲಿಲ್ಲ, ಅವಧಿ ಬೆಳೆಯಿತು. ಕಂತು ಅಷ್ಟೇ ಇದೆ ಎಂದುಕೊಂಡವರಿಗೆ ಹೊರೆ ಏರಿದ್ದು ಕಣ್ಣಿಗೆ ಬೀಳಲಿಲ್ಲ.

ಲೆಕ್ಕ ಮಾಡಿ ನೋಡೋಣ. 20 ಲಕ್ಷ ಸಾಲ, 20 ವರ್ಷ, ಶೇ 8.5 ಬಡ್ಡಿ. ಕಂತು ಸುಮಾರು 17,356 ರೂಪಾಯಿ. ಆರಂಭದಲ್ಲೇ ದರ ಶೇ 9.5ಕ್ಕೆ ಏರಿತು ಎಂದುಕೊಳ್ಳಿ. ಕಂತನ್ನು ಸುಮಾರು 18,643ಕ್ಕೆ ಏರಿಸಿದರೆ ಸಾಲ 240 ತಿಂಗಳಲ್ಲೇ ತೀರುತ್ತದೆ. ಒಟ್ಟು ಪಾವತಿ ಸುಮಾರು 44.7 ಲಕ್ಷ. ಕಂತನ್ನು ಹಾಗೆಯೇ ಬಿಟ್ಟರೆ 240 ತಿಂಗಳು ಸುಮಾರು 309 ಆಗುತ್ತದೆ; ಒಟ್ಟು ಪಾವತಿ 53.5 ಲಕ್ಷ ದಾಟುತ್ತದೆ. ತಿಂಗಳಿಗೆ 1,300 ರೂಪಾಯಿಯಷ್ಟು ಉಳಿಸಿದ್ದಕ್ಕೆ ಕೊನೆಯಲ್ಲಿ ತೆರುವುದು ಎಂಟೂವರೆ ಲಕ್ಷಕ್ಕೂ ಹೆಚ್ಚು! 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕಿನ ಸುತ್ತೋಲೆ ಇದಕ್ಕೇ ಬಂದದ್ದು. ದರ ಮರುನಿಗದಿಯಾದಾಗ ಕಂತು ಏರಿಸುವುದೋ, ಅವಧಿ ಬೆಳೆಸುವುದೋ, ಎರಡನ್ನೂ ಬೆರೆಸುವುದೋ ಎಂಬ ಆಯ್ಕೆ ಸಾಲಗಾರನಿಗೆ ಇರಬೇಕು. ಈ ಆಯ್ಕೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ.

ನಮ್ಮವರ ಆದಾಯ ಪ್ರತಿ ತಿಂಗಳೂ ಒಂದೇ ಸಮ ಬರುವುದಿಲ್ಲ. ಅಡಿಕೆ ಬೆಳೆಗಾರನ ಕೈಗೆ ಹಣ ಬರುವುದು ಕೊಯ್ಲು ಮುಗಿದು ಫಸಲು ಮಾರಿದಾಗ. ಕಾರವಾರದ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ವ್ಯವಹಾರೇತರ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಆದ್ದರಿಂದ ಫಸಲಿನ ಹಣ ಬಂದಾಗ ಒಂದು ಭಾಗವನ್ನು ಅಸಲಿಗೆ ಕಟ್ಟಬಹುದು. ಆದರೆ ಅದಕ್ಕೂ ಮೊದಲು ಎರಡು ಮೂರು ಕಂತಿನ ಹಣವನ್ನು ಮಳೆಗಾಲಕ್ಕೆಂದು ಖಾತೆಯಲ್ಲಿ ತೆಗೆದಿಡುವುದು ಜಾಣತನ. ಅಸಲಿಗೆ ಮುಂಗಡವಾಗಿ ಕಟ್ಟಿದ ಮಾತ್ರಕ್ಕೆ ಮುಂದಿನ ತಿಂಗಳ ಕಂತು ತಪ್ಪುವುದಿಲ್ಲ.

ಕಂತು ತಪ್ಪಿದರೆ ದಿನಗಳ ಎಣಿಕೆ ಶುರುವಾಗುತ್ತದೆ. ಮೊದಲ 30 ದಿನ, 60ರವರೆಗೆ, 90ರವರೆಗೆ ಎಂದು ಮೂರು ಎಚ್ಚರಿಕೆಯ ವರ್ಗಗಳಿವೆ. 90 ದಿನ ದಾಟಿದರೆ ಅನುತ್ಪಾದಕ ಸಾಲ. ಆಮೇಲೆ ಒಂದು ಕಂತು ಕಟ್ಟಿದರೆ ಸಾಲದು, ಬಾಕಿಯೆಲ್ಲ ತೀರಿದ ಮೇಲೆಯೇ ಖಾತೆ ಮತ್ತೆ ಉತ್ತಮ ವರ್ಗಕ್ಕೆ ಬರುತ್ತದೆ. ಸರ್ಫೇಸಿ ನೋಟಿಸ್ ಬಂದರೆ ಸಾಲ ತೀರಿಸಲು 60 ದಿನಗಳ ಗಡುವು. ಆಕ್ಷೇಪ ಬರೆದುಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಕಾರಣ ಸಹಿತ ಉತ್ತರಿಸಬೇಕು. ವಶಪಡಿಸಿಕೊಳ್ಳುವ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ನೋಟಿಸನ್ನು ಹೆದರಿ ಕಪಾಟಿನಲ್ಲಿಟ್ಟು ಸುಮ್ಮನಿದ್ದವರು ಈ ಅವಕಾಶಗಳನ್ನೆಲ್ಲ ಕಳೆದುಕೊಳ್ಳುತ್ತಾರೆ.

ಜಾಮೀನಿನ ವಿಷಯವನ್ನು ಪಠ್ಯಗಳು ಹಗುರವಾಗಿ ದಾಟಿಸುತ್ತವೆ. ನೆಂಟರಿಗೆ ಇಲ್ಲ ಎನ್ನಲಾಗದೆ ಸಹಿ ಹಾಕುವುದು ನಮ್ಮಲ್ಲಿ ಸಾಮಾನ್ಯ. 1872ರ ಒಪ್ಪಂದ ಕಾಯ್ದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಆ ಸಾಲದ ಸುಸ್ತಿ ಜಾಮೀನುದಾರನ ಕ್ರೆಡಿಟ್ ವರದಿಯಲ್ಲೂ ಕಾಣಿಸಿಕೊಂಡು, ಅವನೇ ಮನೆ ಕಟ್ಟಲು ಹೊರಟಾಗ ಅಡ್ಡ ಬರಬಹುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ತಪ್ಪಿದ್ದರೆ ದೂರು ಕೊಡಿ. 30 ದಿನಗಳಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಧನ ಸಲ್ಲಬೇಕು.

ಸಾಲ ಪೂರ್ತಿ ತೀರಿದ 30 ದಿನಗಳಲ್ಲಿ ಮೂಲ ದಾಖಲೆಗಳನ್ನು ಮರಳಿಸಬೇಕು, ಆಸ್ತಿಯ ಮೇಲೆ ನೋಂದಣಿಯಾದ ಸಾಲದ ಭಾರವನ್ನು ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕಾಗದ ಕೈಗೆ ಬಂದ ಮೇಲೆ ಉಪನೋಂದಣಿ ಕಚೇರಿಯಿಂದ ಹೊಸ ಋಣಭಾರ ಪತ್ರ ತೆಗೆಸಿ, ಹಳೆಯ ಅಡಮಾನದ ಬಿಡುಗಡೆ ಅದರಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ.