ರಾಜನಿಗೆ ಗೊತ್ತಾಗುವುದು ಯಾವಾಗ? ಕಥೆಗಳಲ್ಲಿ ಹಠಾತ್ ಅರಿವಿನ ಹಿನ್ನೆಲೆ

ಬಳ್ಳಾರಿ ಜಿಲ್ಲೆಯ ಕಂಪ್ಲಿ ಮತ್ತು ಕೊಪ್ಪಳ ಜಿಲ್ಲೆಯ ಕುಮ್ಮಟದುರ್ಗದ ಸುತ್ತ ಹಬ್ಬಿರುವ ಕುಮಾರರಾಮನ ಕಥೆಯಲ್ಲಿ, ಮಗ ನಿರಪರಾಧಿ ಎಂಬುದು ತಂದೆ ಕಂಪಿಲರಾಯನಿಗೆ ಬಹಳ ತಡವಾಗಿ ತಿಳಿಯುತ್ತದೆ. ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಮೋಹಿಸಿದ ಅವಳು, ಅವನು ಒಪ್ಪದೆ ಹೊರಬಂದಾಗ ತಪ್ಪನ್ನು ಅವನ ತಲೆಗೇ ಕಟ್ಟುತ್ತಾಳೆ. ವಿಚಾರಿಸುವ ವ್ಯವಧಾನವಿಲ್ಲದ ರಾಜ ಮಗನ ತಲೆಯನ್ನು ತರಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅವನನ್ನು ಹೋಲುವ ಬೇರೊಬ್ಬನ ತಲೆಯನ್ನು ತಂದು ತೋರಿಸುತ್ತಾನೆ. ದೆಹಲಿಯ ದಂಡು ಬಂದು ಕೋಟೆಯನ್ನು ಮುತ್ತಿದಾಗ ಕಾಯುವ ಮಗನಿಲ್ಲವೆಂದು ರಾಜ ಹಲುಬುತ್ತಾನೆ, ಆಗ ಬೈಚಪ್ಪ ರಾಮನನ್ನು ಹೊರತರುತ್ತಾನೆ.

ಕಂಪಿಲಿ ರಾಜ್ಯ 1327ರ ಸುಮಾರಿಗೆ ತುಘಲಕರ ಸೈನ್ಯಕ್ಕೆ ಸಿಕ್ಕಿ ಅಳಿಯಿತು. ಕಥೆ ಮಾತ್ರ ಅಳಿಯಲಿಲ್ಲ. 16ನೇ ಶತಮಾನದಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಹಾಡಿದ; ನಮ್ಮ ಕಾಲದಲ್ಲಿ ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರ ಕಂಠದಲ್ಲಿಯೂ ಅದು ಉಳಿದಿತ್ತು. ಇಷ್ಟು ಕಾಲ ಈ ಪ್ರಸಂಗ ಸವೆಯದೆ ಉಳಿಯಲು ಅದರ ಕಟ್ಟಡವೇ ಕಾರಣ ಎಂಬುದು ನನ್ನ ಅಭಿಪ್ರಾಯ. ರಾಮ ಬದುಕಿದ್ದಾನೆ ಎಂಬುದು ಕೇಳುಗರಿಗೆ ಮೊದಲೇ ಗೊತ್ತಿದೆ, ರಾಜನಿಗೆ ಗೊತ್ತಿಲ್ಲ. ರಾಜ ಮರುಗುವಷ್ಟು ಹೊತ್ತೂ ಕೇಳುಗರು ನೆಲಮಾಳಿಗೆಯ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಕಾಯುತ್ತಾರೆ. ಆದ್ದರಿಂದ ಪಾತ್ರಕ್ಕೆ ಹಠಾತ್ತಾಗಿ ಬಂದಂತೆ ಕಾಣುವ ಅರಿವು ಕೇಳುವವರ ಪಾಲಿಗೆ ಹಠಾತ್ತಾದುದಲ್ಲ; ಸತ್ಯ ಯಾರಿಗೆ ಮೊದಲು ತಿಳಿಯಬೇಕು, ಯಾರಿಗೆ ಎಷ್ಟು ತಡವಾಗಿ ತಿಳಿಯಬೇಕು ಎಂಬ ಲೆಕ್ಕಾಚಾರದ ಮೇಲೆಯೇ ಇಡೀ ಕಥೆ ನಿಂತಿದೆ.

ಈ ಲೆಕ್ಕಾಚಾರವನ್ನು ಮೊದಲಿಗೆ ಶಾಸ್ತ್ರವಾಗಿ ವಿವರಿಸಿದವರಲ್ಲಿ ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಚಿಂತಕ ಅರಿಸ್ಟಾಟಲ್ ಪ್ರಮುಖ. ಅಜ್ಞಾನದಿಂದ ಜ್ಞಾನಕ್ಕೆ ಪಾತ್ರ ಹೊರಳುವುದೂ ಅದರ ಅದೃಷ್ಟ ತಲೆಕೆಳಗಾಗುವುದೂ ಒಂದೇ ಘಟನೆಯಲ್ಲಿ ಕೂಡಿದರೆ ನಾಟಕ ಶ್ರೇಷ್ಠವಾಗುತ್ತದೆಂದ ಅವನು, ಅದಕ್ಕೆ ಈಡಿಪಸ್ ದೊರೆಯನ್ನು ಉದಾಹರಿಸಿದ. ಮಚ್ಚೆ, ಗಾಯದ ಕಲೆ, ಆಭರಣಗಳಂಥ ಹೊರಗಿನ ಕುರುಹುಗಳಿಂದ ಗುರುತು ಹತ್ತುವುದನ್ನು ಅವನು ಕೆಳಗಿನ ಮಟ್ಟದಲ್ಲಿಟ್ಟ. ಘಟನೆಗಳೇ ಒಂದರಿಂದೊಂದು ಹುಟ್ಟುತ್ತ ಸತ್ಯವನ್ನು ಬಯಲಿಗೆಳೆಯಬೇಕೆಂಬುದು ಅವನ ಆಗ್ರಹ. ಆದರೆ ಕಾಳಿದಾಸನ ಶಾಕುಂತಲದಲ್ಲಿ ಬೆಸ್ತನಿಗೆ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರ ದುಷ್ಯಂತನ ನೆನಪನ್ನು ಮರಳಿಸುವುದು ಕುರುಹಿನಿಂದಲೇ. ಅಲ್ಲಿನ ಕುರುಹನ್ನು ಕೆಳಮಟ್ಟದ್ದೆನ್ನಲು ನನಗೆ ಮನಸ್ಸಾಗುವುದಿಲ್ಲ. ನೆನಪು ಮರಳಿದ ಮೇಲೂ ಶಕುಂತಲೆ ಕಣ್ಮರೆಯಾಗಿಯೇ ಇರುತ್ತಾಳೆ, ದುಷ್ಯಂತ ತನ್ನ ತಪ್ಪಿನ ಎದುರು ಒಂಟಿಯಾಗಿ ಕೂರಬೇಕಾಗುತ್ತದೆ, ನಾಟಕದ ತೂಕವಿರುವುದು ಆ ಅಂಕದಲ್ಲಿಯೇ.

ಕನ್ನಡದಲ್ಲಿ ಪಂಪ ಈ ವಿಷಯವನ್ನು ಬೇರೆ ದಾರಿಯಲ್ಲಿ ಕೊಂಡೊಯ್ದ. 941ರಲ್ಲಿ ಮುಗಿದ ಆದಿಪುರಾಣದಲ್ಲಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಕಾಣೆಯಾಗುತ್ತಾಳೆ; ರಸಭಂಗವಾಗದಂತೆ ಇಂದ್ರ ಅವಳಂಥದೇ ಇನ್ನೊಂದು ರೂಪವನ್ನು ಆ ಕ್ಷಣದಲ್ಲೇ ನಿಲ್ಲಿಸುತ್ತಾನೆ. ಇಡೀ ಸಭೆ ನೋಡಿಯೂ ಕಾಣದ ಆ ಬದಲಾವಣೆ, ಮುಂದೆ ಮೊದಲ ತೀರ್ಥಂಕರನಾಗುವ ಆದಿದೇವನೊಬ್ಬನಿಗೆ ಕಾಣುತ್ತದೆ. ಇಲ್ಲಿ ಬಯಲಾಗುವುದು ಮತ್ತೊಬ್ಬರ ಗುರುತಲ್ಲ, ಬದುಕಿನ ಸ್ಥಿತಿಯೇ. ಅದೇ ಕಾವ್ಯದಲ್ಲಿ ಬಾಹುಬಲಿಗೆ ಗೆದ್ದ ಗಳಿಗೆಯಲ್ಲಿಯೇ ರಾಜ್ಯದ ಮೇಲೆ ಹೇಸಿಗೆ ಹುಟ್ಟುತ್ತದೆ, ಅಣ್ಣ ಭರತನಿಗೆ ಎಲ್ಲವನ್ನೂ ಬಿಟ್ಟು ಅವನು ತಪಸ್ಸಿಗೆ ನಿಲ್ಲುತ್ತಾನೆ. ಆದರೆ ಪಂಪ ಅಲ್ಲಿಗೆ ಮುಗಿಸುವುದಿಲ್ಲ. ಮನಸ್ಸಿನ ಮೂಲೆಯಲ್ಲಿ ಉಳಿದ ಒಂದು ಕಿರಿದಾದ ತೊಡಕು ಬಾಹುಬಲಿಯನ್ನು ದೀರ್ಘಕಾಲ ತಡೆಹಿಡಿಯುತ್ತದೆ. ಭರತ ಬಂದು ನಮಸ್ಕರಿಸಿದ ಮೇಲೆಯೇ ಅವನಿಗೆ ಕೇವಲಜ್ಞಾನವಾಗುತ್ತದೆ. ಅರಿವು ಹುಟ್ಟುವುದು ಕ್ಷಣದಲ್ಲಿ, ಪೂರ್ತಿಯಾಗುವುದು ಕಾಲದಲ್ಲಿ ಎಂಬ ಈ ವಿವೇಚನೆ ನಮ್ಮ ಸಾಹಿತ್ಯದ ಬಹು ಹಳೆಯ ಗಳಿಕೆ.

ಇದೇ ವಿವೇಚನೆಗೆ ಇನ್ನೂ ಹಳೆಯ ಸಾಕ್ಷಿ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಕಲ್ಲಿನಲ್ಲಿದೆ. ಕಳಿಂಗದ ರಣರಂಗದಲ್ಲಿ ಹೆಣಗಳ ರಾಶಿಯನ್ನು ಕಂಡು ಅಶೋಕ ಆ ಕ್ಷಣವೇ ಬದಲಾದನೆಂದು ಶಾಲೆಯ ಮಕ್ಕಳಿಗೂ ಗೊತ್ತು. ಕಳಿಂಗದ ಬಗ್ಗೆ ಅವನ ಪಶ್ಚಾತ್ತಾಪವನ್ನು 13ನೇ ಬಂಡೆ ಶಾಸನ ಹೇಳುತ್ತದೆ, ನಿಜ. ಆದರೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನೇ ಹೇಳಿದ ಕಿರು ಬಂಡೆ ಶಾಸನದ ಒಕ್ಕಣೆ ಬೇರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೆಗೊಳಗಳಲ್ಲಿರುವುದೂ ಅದೇ ಶಾಸನ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಬೌದ್ಧ ಉಪಾಸಕನಾಗಿದ್ದರೂ ಮೊದಲು ಹೆಚ್ಚಿನ ಶ್ರದ್ಧೆ ತೋರಲಿಲ್ಲವೆಂದೂ, ಸಂಘದ ಹತ್ತಿರಕ್ಕೆ ಬಂದ ಮೇಲೆಯೇ ಬಹಳವಾಗಿ ಶ್ರಮಿಸಿದೆನೆಂದೂ ಅರಸ ಅಲ್ಲಿ ಒಪ್ಪಿಕೊಳ್ಳುತ್ತಾನೆ. ನಿಧಾನವಾಗಿ, ಅಡೆತಡೆಗಳ ನಡುವೆ ಸಾಗಿದ ಮಾರ್ಪಾಟನ್ನು ಮುಂದಿನವರು ಒಂದು ದೃಶ್ಯಕ್ಕೆ ಇಳಿಸಿದರು. ಹೇಳಲು, ಆಡಿ ತೋರಿಸಲು ದೃಶ್ಯ ಬೇಕು. ಒಂದು ವರ್ಷದಷ್ಟು ಕಾಲದ ಆಲಸ್ಯವನ್ನು ರಂಗದ ಮೇಲೆ ತೋರಿಸುವುದು ಕಷ್ಟ.

ಮಾನ್ವಿ ಸೀಮೆಯ ದಾಸರ ಚರಿತ್ರೆಗಳು ಈ ನಿಧಾನವನ್ನು ಮುಚ್ಚಿಡಲಿಲ್ಲ. ಪಾಂಡಿತ್ಯದ ಹೆಮ್ಮೆಯಿಂದ ವಿಜಯದಾಸರನ್ನು ಅನಾದರಿಸಿದ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಹೊಟ್ಟೆಯ ಬೇನೆಗೆ ತುತ್ತಾಗಿ, ತಪ್ಪನ್ನು ಅರಿತು, ಗೋಪಾಲದಾಸರಲ್ಲಿಗೆ ಹೋಗಿ ಶರಣಾದ ಮೇಲೆ ಜಗನ್ನಾಥದಾಸರಾದರೆಂದು ಸಂಪ್ರದಾಯ ಹೇಳುತ್ತದೆ. ಹರಿಕಥಾಮೃತಸಾರ ಹುಟ್ಟಿದ್ದು ಆ ಬಳಿಕ.

ಬಳ್ಳಾರಿಯ ರಂಗಭೂಮಿಯಲ್ಲಿ ಅರಿವಿನ ಕಥೆಗಳ ಈ ಚರಿತ್ರೆ ಮಹತ್ವದ ತಿರುವು ಪಡೆಯಿತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿದ ಧರ್ಮವರಂ ರಾಮಕೃಷ್ಣಮಾಚಾರ್ಯರು ತೆಲುಗಿನಲ್ಲಿ ವಿಷಾದ ಸಾರಂಗಧರ ಬರೆದರು. ಕುಮಾರರಾಮನ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಅವೆರಡೂ ಒಂದೇ ಬೀಜದವು: ಮಲತಾಯಿಯ ಮೋಹ, ಸುಳ್ಳು ದೂರು, ವಿಚಾರಿಸದೆ ಶಿಕ್ಷೆ ಕೊಡುವ ತಂದೆ. ಆದರೆ ಸಾರಂಗಧರನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುವ ಬೈಚಪ್ಪನಿಲ್ಲ. ಹಳೆಯ ಕಥೆಯಲ್ಲಿ ಕತ್ತರಿಸಿದ ಕೈಕಾಲುಗಳನ್ನು ಸಿದ್ಧನೊಬ್ಬ ಮರಳಿ ಕೊಡುತ್ತಿದ್ದ. ಈ ನಾಟಕ ದುಃಖಾಂತದ ದಾರಿ ಹಿಡಿಯಿತು. ನಾಟಕಗಳು ಮಂಗಳದಿಂದಲೇ ಮುಗಿಯಬೇಕೆಂಬ ಸಂಪ್ರದಾಯದ ನಡುವೆ ಅದು ದಿಟ್ಟ ಹೆಜ್ಜೆ. ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ಶೇಕ್ಸ್‌ಪಿಯರನ ಪಾತ್ರಗಳನ್ನೂ ಪೌರಾಣಿಕ ಪಾತ್ರಗಳನ್ನೂ ಆಡಿದವರು. ಅರಿವು ಸಕಾಲಕ್ಕೆ ಬರುವ ಲೋಕವನ್ನೂ ಕಾಲ ಮೀರಿ ಬರುವ ಲೋಕವನ್ನೂ ಒಬ್ಬನೇ ನಟ ಹೊರಬೇಕಾದ ಕಾಲವದು.

20ನೇ ಶತಮಾನದ ಸಣ್ಣಕಥೆ ಇದನ್ನು ಮನಸ್ಸಿನೊಳಕ್ಕೆ ಎಳೆದುಕೊಂಡಿತು. ಐರ್ಲೆಂಡಿನ ಜೇಮ್ಸ್ ಜಾಯ್ಸ್ 1914ರಲ್ಲಿ ಪ್ರಕಟಿಸಿದ ಕಥಾಸಂಕಲನದ ಕೊನೆಯ ಕಥೆಯಲ್ಲಿ, ಹೆಂಡತಿ ನೆನೆದ ಒಬ್ಬ ಸತ್ತ ಹುಡುಗನಿಂದಾಗಿ ಗಂಡನಿಗೆ ತನ್ನ ಬದುಕಿನ ಅಲ್ಪತನ ಕಾಣುತ್ತದೆ. ಹೊರಗೆ ಏನೂ ಬದಲಾಗುವುದಿಲ್ಲ. ಯು.ಆರ್. ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿಯಲ್ಲಿ (1965) ಚಂದ್ರಿಯೊಂದಿಗಿನ ಒಂದು ರಾತ್ರಿ ಪ್ರಾಣೇಶಾಚಾರ್ಯರ ನಂಬಿಕೆಗಳನ್ನು ಅಲುಗಿಸುತ್ತದೆ, ಆ ಬಳಿಕದ ಪುಟಗಳೆಲ್ಲ ಅವರ ಅಲೆದಾಟಕ್ಕೇ ಮೀಸಲು. ಪಂಪನ ವಿವೇಚನೆ ಇಲ್ಲಿ ಹೊಸ ರೂಪದಲ್ಲಿ ಮರಳಿದೆಯೆಂದೇ ನಾನು ಓದುತ್ತೇನೆ.

ರಾಯಚೂರು ಜಿಲ್ಲೆಯವರಾದ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ‘ಕನಸೆಂಬೋ ಕುದುರೆಯನೇರಿ’ ಚಿತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕನಸಿನಲ್ಲಿ ಸಿದ್ಧ ಬಂದರೆ ಊರಿನಲ್ಲಿ ಸಾವಾಗುತ್ತದೆಂದು ನಂಬಿದ, ಗುಂಡಿ ತೋಡುವ ಈರ್ಯಾ, ಊರಿನ ಗೌಡರ ಮನೆಗೆ ಹೋದಾಗ ಯಾರೂ ಸತ್ತಿಲ್ಲವೆಂಬ ಉತ್ತರ ಸಿಗುತ್ತದೆ. ಗೌಡ ಸತ್ತಿದ್ದಾನೆ, ಆ ಮನೆಯವರು ತಮ್ಮ ಕಾರಣಗಳಿಗಾಗಿ ಸುದ್ದಿಯನ್ನು ಮುಚ್ಚಿಟ್ಟಿದ್ದಾರೆ. ಕನಸು ನಿಜವಾಗಿತ್ತೆಂಬ ಅರಿವು ನೋಡುಗರಿಗೆ ಸಿಗುತ್ತದೆ. ಯಾವನ ಬದುಕು ಆ ನಂಬಿಕೆಯ ಮೇಲೆ ನಿಂತಿದೆಯೋ ಅವನಿಗೆ ಸಿಗುವುದಿಲ್ಲ. ಕಂಪಿಲರಾಯನಿಗೆ ಸತ್ಯ ಹೇಳಲು ಮಂತ್ರಿಯೊಬ್ಬನಿದ್ದ. ಈರ್ಯಾನಿಗೆ ಅದನ್ನು ಹೇಳುವ ಅಗತ್ಯ ಗೌಡರ ಮನೆಯಲ್ಲಿ ಯಾರಿಗೂ ಕಾಣುವುದಿಲ್ಲ. ಸತ್ಯ ತಿಳಿಯುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಈ ಭಾಗದ ಕಥೆಗಾರರು ಕೈಗೆತ್ತಿಕೊಂಡಿರುವುದು ಹೀಗೆ.