ಚಪಲ ನಾಲಿಗೆಯದ್ದಲ್ಲ

ತಿನ್ನುವುದನ್ನು ನಿಲ್ಲಿಸಲಾರದವರನ್ನು ಬಾಯಿಚಪಲದವರೆಂದು ಹಂಗಿಸುವುದು ವಾಡಿಕೆ. ಸಂಸ್ಕೃತದಲ್ಲಿ ‘ಚಪಲ’ವೆಂದರೆ ನಿಂತಲ್ಲಿ ನಿಲ್ಲದ್ದು, ಅತ್ತಿತ್ತ ಹೊಯ್ದಾಡುವುದು, ಕನ್ನಡಕ್ಕೆ ಬಂದ ಮೇಲೆ ಅದು ತಡೆಯಲಾಗದ ಆಸೆಯೂ ಆಯಿತು. ಚಂಚಲ ಗಮನವೂ ಅಂಕೆ ತಪ್ಪಿದ ತಿನಿಸೂ ನೆಂಟರೆಂದು ನರವಿಜ್ಞಾನ ಈಗ ಹೇಳುತ್ತಿರುವುದು ಈ ಪದದೊಳಗೆ ಮೊದಲೇ ಅಡಗಿತ್ತೇನೋ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಮನ ಒಂದೆಡೆ ನಿಲ್ಲದ, ಚಟುವಟಿಕೆ ಅಂಕೆ ಮೀರುವ ಸ್ಥಿತಿಯಾದ ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಶೇ. 28.2ರಷ್ಟು ಮಂದಿಗೂ ಇಲ್ಲದವರಲ್ಲಿ ಶೇ. 16.4ರಷ್ಟು ಮಂದಿಗೂ ಬೊಜ್ಜಿರುವುದು ಕಂಡುಬಂದಿತು.

ಇಷ್ಟು ಕೇಳಿದೊಡನೆ ‘ಸಕ್ಕರೆ ತಿಂದೇ ಮಕ್ಕಳು ಹೀಗಾಗಿದ್ದಾರೆ’ ಎನ್ನುವವರಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ. 1994ರ ಒಂದು ಪ್ರಯೋಗದಲ್ಲಿ ಎಲ್ಲ ಹುಡುಗರಿಗೂ ಕೊಟ್ಟದ್ದು ಸಕ್ಕರೆಯಿಲ್ಲದ ಪಾನೀಯವನ್ನೇ; ಆದರೂ ‘ನಿಮ್ಮ ಮಗ ಸಕ್ಕರೆ ಕುಡಿದಿದ್ದಾನೆ’ ಎಂದು ಕೇಳಿಸಿಕೊಂಡ ತಾಯಂದಿರಿಗೆ ಮಾತ್ರ ಮಗ ವಿಪರೀತ ಚೇಷ್ಟೆ ಮಾಡುತ್ತಿರುವಂತೆ ತೋರಿತು. ಸಕ್ಕರೆಯಿಂದ ಚಂಚಲತೆ ಎನ್ನುವುದಕ್ಕಿಂತ, ಚಂಚಲತೆಯೇ ಸಕ್ಕರೆಯತ್ತ ಎಳೆಯುತ್ತದೆ ಎನ್ನುವುದು ಹೆಚ್ಚು ಸರಿ.

ಎಳೆಯುವ ಬಗೆಯನ್ನು ತಿಳಿಯಬೇಕಾದರೆ, ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ‘ಆನಂದದ ರಾಸಾಯನಿಕ’ ಎಂಬ ಹಳಸಲು ಮಾತನ್ನು ಬಿಡಬೇಕು. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತಾ ಅವುಗಳ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಮಿಡಿಯುತ್ತಿದ್ದ ಕೋಶಗಳು, ರಸದ ಮುನ್ಸೂಚನೆಯಾದ ದೀಪಕ್ಕೆ ಕೋತಿ ಒಗ್ಗಿಕೊಂಡ ಮೇಲೆ ದೀಪಕ್ಕೇ ಮಿಡಿದು, ರಸ ಬಂದಾಗ ಸುಮ್ಮನಿದ್ದವು. ಡೋಪಮೈನ್ ಊಟದ ರುಚಿಯಲ್ಲ, ಊಟಕ್ಕೆ ಕರೆಯುವ ಗಂಟೆ. ಮನೆ ತಲುಪಿದ ನೆಮ್ಮದಿಯಲ್ಲ, ಹೊರಡಿಸುವ ತವಕ. ಕೆಲಸ ಮಾಡುತ್ತಾ ಚಿಪ್ಸ್ ಪೊಟ್ಟಣವನ್ನು ಪಕ್ಕದಲ್ಲಿಟ್ಟುಕೊಂಡವರನ್ನು ನೋಡಿ: ಕಣ್ಣು ಪರದೆಯ ಮೇಲಿರುತ್ತದೆ, ಬಾಯಲ್ಲಿರುವುದನ್ನು ಅಗಿದು ಮುಗಿಸುವ ಮೊದಲೇ ಬೆರಳುಗಳು ಮುಂದಿನ ಚೂರನ್ನು ತಡಕುತ್ತಿರುತ್ತವೆ, ತಳದ ಉಪ್ಪಿನ ಪುಡಿ ತಾಗಿದಾಗಲಷ್ಟೇ ಪೊಟ್ಟಣ ಬರಿದಾದದ್ದು ಗೊತ್ತಾಗುತ್ತದೆ.

ಎಡಿಎಚ್‌ಡಿ ಇರುವವರಲ್ಲಿ, ತಡವಾಗಿ ಸಿಗುವ ಪ್ರತಿಫಲದ ಬೆಲೆ ಇತರರಿಗಿಂತ ಬೇಗ ಕುಸಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಮುಂದಿನ ವರ್ಷದ ಆರೋಗ್ಯ ಆ ಬೆಟ್ಟ, ಕೈಯಳತೆಯ ತಿನಿಸು ಕಾಲಬುಡದ ಕಲ್ಲು. ಜೊತೆಗೆ ಹಣೆಯ ಹಿಂಭಾಗದ ಮಿದುಳು ಹಾಕಬೇಕಾದ ಬ್ರೇಕ್ ಒಂದು ಗಳಿಗೆ ತಡವಾಗಿ ಹಿಡಿಯುತ್ತದೆ. ಯಾವುದರಲ್ಲೋ ಮುಳುಗಿ ಮಧ್ಯಾಹ್ನದ ಊಟವನ್ನೇ ಮರೆತು, ರಾತ್ರಿ ಸಿಕ್ಕಿದ್ದನ್ನೆಲ್ಲ ಮುಕ್ಕುವುದೂ ಉಂಟು.

1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಸ್ಥಿತಿಯನ್ನು ‘ನೈತಿಕ ನಿಯಂತ್ರಣದ ದೋಷ’ವೆಂದು ಬಣ್ಣಿಸಿದರು. ಮಕ್ಕಳ ವಿಷಯದಲ್ಲಿ ವೈದ್ಯಕೀಯ ಆ ಭಾಷೆಯನ್ನು ಬಿಟ್ಟಿದೆ. ಹೆಚ್ಚು ತಿನ್ನುವವರ ವಿಷಯದಲ್ಲಿ ನಾವಿನ್ನೂ ಬಿಟ್ಟಿಲ್ಲ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಉತ್ತೇಜಕ ಔಷಧ ಕೊಟ್ಟಾಗ ಅವರ ಓದು ಅಚ್ಚರಿಯಾಗುವಷ್ಟು ಸುಧಾರಿಸಿತು. ಅದೇ ಆಂಫೆಟಮಿನ್ ವಂಶದ ಲಿಸ್‌ಡೆಕ್ಸ್‌ಆಂಫೆಟಮಿನ್‌ಗೆ ಎಡಿಎಚ್‌ಡಿ ಔಷಧವಾಗಿ 2007ರಲ್ಲಿ, ತಡೆಯಲಾಗದೆ ಒಮ್ಮೆಲೇ ವಿಪರೀತ ತಿನ್ನುವ ವಯಸ್ಕರ ಬಿಂಜ್ ಈಟಿಂಗ್ ಕಾಯಿಲೆಗೆ 2015ರಲ್ಲಿ ಅಲ್ಲಿ ಮಂಜೂರಾತಿ ದೊರೆಯಿತು. ಆಂಫೆಟಮಿನ್‌ಗಳು ಹಸಿವನ್ನೂ ತಗ್ಗಿಸುವುದರಿಂದ ಇದನ್ನೇ ಚಂಚಲತೆಗೂ ತಿನಿಸಿಗೂ ಇರುವ ನಂಟಿನ ಪುರಾವೆಯೆಂದು ಹಿಡಿಯುವುದು ಆತುರವಾದೀತು.

‘ಆಹಾರ ವ್ಯಸನ’ ಎಂಬ ಹೆಸರೂ ಇನ್ನೂ ವಿವಾದದಲ್ಲಿದೆ. ಅದನ್ನು ಅಳೆಯಲು 2009ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮಾಪಕ ಬಂದಿತಾದರೂ, 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಬಿಂಜ್ ಈಟಿಂಗ್‌ಗೆ ಜಾಗ ಕೊಟ್ಟು ಇದನ್ನು ಹೊರಗಿಟ್ಟಿತು. ಹೆಸರೇನೇ ಇರಲಿ, ತಡವಾಗಿ ಹಿಡಿಯುವ ಬ್ರೇಕಿಗೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಉಪದೇಶದಿಂದ ಆಗುವುದು ಕಡಿಮೆ. ಊಟದ ಹೊತ್ತಿಗೆ ಅಲಾರಂ ಇಡಬಹುದು, ಪೊಟ್ಟಣವನ್ನು ಪಕ್ಕದ ಕೋಣೆಯ ಮೇಲಿನ ಕಪಾಟಿಗೆ ಸಾಗಿಸಬಹುದು. ಎದ್ದು ಅಲ್ಲಿಯವರೆಗೆ ನಡೆಯುವಷ್ಟರಲ್ಲಿ ಬ್ರೇಕಿಗೆ ಬೇಕಿದ್ದ ಆ ಒಂದು ಗಳಿಗೆ ಸಿಕ್ಕಿರುತ್ತದೆ.