ಗಂಡ ಕಡಲಾಚೆ, ಮದುವೆ ಈಚೆ: ಜಪಾನಿನ ಫೋಟೋ ವಧುಗಳ ಹಿನ್ನೆಲೆ

ಹಳ್ಳಿ ಕಚೇರಿಯ ದಫ್ತರದಲ್ಲಿ ಅವಳ ಹೆಸರು ತವರಿನ ಪುಟದಿಂದ ಗಂಡನ ಮನೆಯ ಪುಟಕ್ಕೆ ಹೋಯಿತು. ಅಲ್ಲಿಗೆ ಮದುವೆ ಮುಗಿಯಿತು. ಗಂಡ ಮಾತ್ರ ಆ ಊರಲ್ಲೇ ಇರಲಿಲ್ಲ. ಹವಾಯಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂಲಿ ಮಾಡುತ್ತಿದ್ದ. ಅವನದು ಅಂತ ಅವಳ ಹತ್ತಿರ ಇದ್ದದ್ದು ಒಂದು ಫೋಟೋ, ನಾಲ್ಕಾರು ಕಾಗದ.

ಇದಕ್ಕೆ ಜಪಾನಿಯರು ಇಟ್ಟ ಹೆಸರು ‘ಶಾಶಿನ್ ಕೆಕ್ಕೊನ್’. ಶಾಶಿನ್ ಅಂದರೆ ಫೋಟೋ, ಕೆಕ್ಕೊನ್ ಅಂದರೆ ಮದುವೆ. ಈ ವಿಷಯ ಬಂದಾಗಲೆಲ್ಲ ಒಂದೇ ಕಥೆ ಸುತ್ತುತ್ತದೆ: ಗಂಡು ಹಳೇ ಫೋಟೋ ಕಳಿಸಿದ, ಹುಡುಗಿ ಹಡಗಿನಿಂದ ಇಳಿದವಳು ಅವನ ನರೆತ ತಲೆ ನೋಡಿ ಅತ್ತಳು. ಸುಳ್ಳೇನಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಇಂಥ ಮದುವೆಗಳು ಬಹುಪಾಲು 1908ರಿಂದ 1924ರ ನಡುವೆಯೇ ಯಾಕೆ ನಡೆದವು ಅನ್ನುವುದು ತಿಳಿಯುವುದಿಲ್ಲ. ಇನ್ನು ಕೆಲವರು ಎರಡನೇ ಮಹಾಯುದ್ಧದ ನಂತರ ಅಮೆರಿಕನ್ ಸೈನಿಕರ ಕೈಹಿಡಿದು ಹೋದ ಜಪಾನಿ ಹೆಣ್ಣುಮಕ್ಕಳನ್ನೂ ಇದೇ ಕಥೆಗೆ ಸೇರಿಸಿಬಿಡುತ್ತಾರೆ. ಅದು ಬೇರೆಯೇ ಅಧ್ಯಾಯ.

ಶುರುವಾಗಿದ್ದು ಸಕ್ಕರೆಯಿಂದ. 1885ರ ಫೆಬ್ರುವರಿಯಲ್ಲಿ ‘ಸಿಟಿ ಆಫ್ ಟೋಕಿಯೊ’ ಹಡಗು 900ಕ್ಕೂ ಹೆಚ್ಚು ಜಪಾನಿಯರನ್ನು ಹೊನೊಲುಲುವಿಗೆ ತಂದಿಳಿಸಿತು. ಮೂರು ವರ್ಷದ ಕರಾರು, ಕಬ್ಬಿನ ಗದ್ದೆ ಕೆಲಸ. ಬಂದವರಲ್ಲಿ ಗಂಡಸರೇ ಜಾಸ್ತಿ. ದುಡ್ಡು ಮಾಡಿಕೊಂಡು ಊರಿಗೆ ಮರಳುವುದು ಅವರ ಲೆಕ್ಕ. ಆ ಲೆಕ್ಕ ಎಷ್ಟೋ ಜನಕ್ಕೆ ಕೂಡಿ ಬರಲಿಲ್ಲ. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು, 1900ರಲ್ಲಿ ಕರಾರು ಕೂಲಿ ರದ್ದಾಯಿತು. ಸಾವಿರಾರು ಮಂದಿ ಹೆಚ್ಚು ಕೂಲಿಯ ಆಸೆಗೆ ಅಮೆರಿಕದ ಪಶ್ಚಿಮ ಕರಾವಳಿಗೆ ಹೋದರು. ಅಲ್ಲಿ ಅವರನ್ನು ಕಂಡರೆ ಆಗದವರು ಬೆಳೆಯುತ್ತಲೇ ಹೋದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಾಲಾ ಮಂಡಳಿ ಜಪಾನಿ ಮಕ್ಕಳನ್ನು ಬೇರೆ ಶಾಲೆಗೆ ಹಾಕಲು ಹೊರಟಿತು. ಜಗಳ ಟೋಕಿಯೊ, ವಾಷಿಂಗ್ಟನ್ ತನಕ ಹೋಯಿತು.

1907–08ರಲ್ಲಿ ಎರಡೂ ಸರ್ಕಾರಗಳು ಒಂದು ಒಪ್ಪಂದಕ್ಕೆ ಬಂದವು. ಅದಕ್ಕೆ ‘ಜಂಟಲ್‌ಮನ್ಸ್ ಅಗ್ರಿಮೆಂಟ್’ ಅಂತ ಹೆಸರು, ಸಭ್ಯರ ಒಪ್ಪಂದ! ಕೂಲಿಗಳಿಗೆ ಇನ್ನು ಪಾಸ್‌ಪೋರ್ಟ್ ಕೊಡುವುದಿಲ್ಲ ಎಂದು ಜಪಾನ್ ಒಪ್ಪಿತು. ಆದರೆ ಆಗಲೇ ಅಲ್ಲಿ ನೆಲೆಸಿದವರು ತಂದೆತಾಯಿ, ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳಬಹುದಿತ್ತು. ಬಾಗಿಲು ಮುಚ್ಚಿತು, ಈ ಒಂದು ಕಿಂಡಿ ಉಳಿಯಿತು. ಫೋಟೋ ಮದುವೆಗಳು ಬಹುಪಾಲು ನಡೆದದ್ದು ಈ ಕಿಂಡಿಯಲ್ಲೇ.

ಕಿಂಡಿಯಾದರೂ ಸಿಕ್ಕಿದ್ದು ಹೇಗೆ? ಜಪಾನ್ 1905ರಲ್ಲಿ ರಷ್ಯಾವನ್ನು ಸೋಲಿಸಿತ್ತು. ಅದರ ಮಾತನ್ನು ಸುಮ್ನೆ ತಳ್ಳಿಹಾಕುವಂತಿರಲಿಲ್ಲ. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳ ಪರವಾಗಿ ಹಾಗೆ ಚೌಕಾಸಿ ಮಾಡಲು ಯಾರೂ ಇರಲಿಲ್ಲ. 1917ರ ಕಾನೂನು ಭಾರತೀಯರಿಗೆ ಬಾಗಿಲನ್ನೇ ಹಾಕಿತು. ಊರಿಂದ ಹೆಂಡತಿಯನ್ನು ಕರೆಸಲಾಗದೆ ಎಷ್ಟೋ ಪಂಜಾಬಿಗಳು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು.

ಹೊರಗಿನವರಿಗೆ ಫೋಟೋ ಮದುವೆ ವಿಚಿತ್ರವಾಗಿ ಕಂಡಿತು. ನಮಗೇನೂ ಹಾಗೆ ಅನಿಸಬೇಕಾಗಿಲ್ಲ, ಅಲ್ವಾ? ಜಪಾನಿನಲ್ಲಿ ಆಗ ಮದುವೆ ಕುದುರಿಸುತ್ತಿದ್ದುದು ಮನೆಯ ಹಿರಿಯರು ಮತ್ತು ‘ನಕೋದೊ’ ಅನ್ನುವ ಮಧ್ಯಸ್ಥ. ಅವರು ಎರಡೂ ಕಡೆಯ ಮನೆತನ, ಆರೋಗ್ಯ, ಆಸ್ತಿ ವಿಚಾರಿಸುತ್ತಿದ್ದರು. ಇಲ್ಲಿ ಹೊಸದಾಗಿದ್ದದ್ದು ಒಂದೇ, ಗಂಡು ಎದುರಿಗೆ ಇರಲಿಲ್ಲ. ಊರಿಗೆ ಬಂದು ಮದುವೆಯಾಗೋಣ ಅಂದರೆ ಹಡಗಿನ ಖರ್ಚು, ತಿಂಗಳುಗಟ್ಟಲೆ ಕೂಲಿ ನಷ್ಟ. ಸ್ವಲ್ಪ ಹೆಚ್ಚು ದಿನ ಉಳಿದರೆ ಸೈನ್ಯಕ್ಕೆ ಎಳೆದುಕೊಂಡಾರು ಅನ್ನುವ ಭಯ ಬೇರೆ.

ಜಪಾನ್ ಸರ್ಕಾರವೂ ಬಿಗಿಯಾಗಿತ್ತು. ಗಂಡನ ಮನೆಯ ದಫ್ತರಕ್ಕೆ ಹೆಸರು ಸೇರಿ ಆರು ತಿಂಗಳಾದ ಮೇಲೆಯೇ ಅವಳು ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದಿತ್ತು. ಗಂಡನಿಗೂ ಅವಳಿಗೂ 13 ವರ್ಷಕ್ಕಿಂತ ಹೆಚ್ಚು ಅಂತರ ಇರಬಾರದಿತ್ತು. ಅಮೆರಿಕದಲ್ಲಿದ್ದ ಕೂಲಿಕಾರರಿಗೆ 1915ರವರೆಗೆ ಹೀಗೆ ಹೆಂಡತಿಯನ್ನು ಕರೆಸಲು ಅವಕಾಶವೇ ಇರಲಿಲ್ಲ. ಆಮೇಲೆ ಸಿಕ್ಕಾಗಲೂ 800 ಡಾಲರ್ ಉಳಿತಾಯ ತೋರಿಸಬೇಕಿತ್ತು. ಕೂಲಿಯವನು ಅಷ್ಟು ಕೂಡಿಡುವ ಹೊತ್ತಿಗೆ ಅವನ ವಯಸ್ಸು ನಿಂತಿರುತ್ತದೆಯೇ? ಹಳೇ ಫೋಟೋಗೆ ಸುಳ್ಳಿನಷ್ಟೇ ಈ ಕಾಯುವಿಕೆಯೂ ಕಾರಣ. ಸುಳ್ಳು ಇರಲೇ ಇಲ್ಲ ಅಂತಲ್ಲ. ಎರವಲು ಸೂಟ್, ತನ್ನದಲ್ಲದ ಮನೆ, ಯಾರದೋ ಕಾರು, ಇವೆಲ್ಲ ಫೋಟೋದಲ್ಲಿ ಬಂದವು.

ಹೆಣ್ಣುಮಕ್ಕಳು ಹೆಚ್ಚಾಗಿ ಹಿರೋಶಿಮಾ, ಯಮಾಗುಚಿ, ಕುಮಾಮೊಟೊ, ಫುಕುವೋಕಾ, ಒಕಿನಾವಾ ಕಡೆಯವರು. ಗಂಡು ಮೊದಲೇ ವಲಸೆ ಹೋಗಿದ್ದದ್ದೂ ಅಲ್ಲಿಂದಲೇ. ಕೆಲವರ ಬಾಯಿ ಮುಚ್ಚಿಸಿ ಮನೆಯವರು ಒಪ್ಪಿಸಿದ್ದರು. ಕೆಲವರು ತಾವೇ ಹೋಗುತ್ತೇವೆ ಅಂದವರು: ಹೊಸ ದೇಶ ನೋಡುವ ಆಸೆ, ಅತ್ತೆಯ ಕೈಕೆಳಗೆ ಬಾಳುವುದು ತಪ್ಪೀತು ಅನ್ನುವ ಲೆಕ್ಕ. ಅವರನ್ನೆಲ್ಲ ಮೋಸಹೋದ ಪೆದ್ದಿಯರು ಅಂತ ಬರೆಯುವವರು ಈ ಲೆಕ್ಕವನ್ನು ಗಮನಿಸುವುದಿಲ್ಲ.

ಹಡಗಿನ ಕೆಳಗಿನ ದರ್ಜೆಯಲ್ಲಿ ಪಯಣ. ಇಳಿದ ಮೇಲೆ ವಲಸೆ ಠಾಣೆಯಲ್ಲಿ ಕಣ್ಣಿನ ಟ್ರಕೋಮಾ, ಹೊಟ್ಟೆಯ ಕೊಕ್ಕೆಹುಳು ತಪಾಸಣೆ. ಹವಾಯಿಗೆ ಹೋದವರು ಹೊನೊಲುಲುವಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊಗೆ ಹೋದವರು 1910ರಿಂದ ಏಂಜೆಲ್ ದ್ವೀಪದಲ್ಲಿ ಕಾಯಬೇಕಿತ್ತು. ಆಮೇಲೆ ಹೆಸರು ಕೂಗಿ, ಫೋಟೋ ಹೋಲಿಸಿ ಗಂಡನಿಗೆ ಒಪ್ಪಿಸುತ್ತಿದ್ದರು. ಜಪಾನಿನ ದಫ್ತರದ ಮದುವೆಯನ್ನು ಅಮೆರಿಕ 1917ರವರೆಗೆ ಮಾನ್ಯ ಮಾಡಲಿಲ್ಲ. ಹಾಗಾಗಿ ಹತ್ತಾರು ಜೋಡಿಗಳನ್ನು ಸಾಲಾಗಿ ನಿಲ್ಲಿಸಿ, ಪಾದ್ರಿಯನ್ನು ಕರೆಸಿ ಮತ್ತೊಮ್ಮೆ ಮದುವೆ! ಅವರಲ್ಲಿ ಬಹುಪಾಲು ಜನ ಬೌದ್ಧರು.

ಗಂಡನನ್ನು ನೋಡಿ ಹಡಗು ಹತ್ತಿ ವಾಪಸ್ ಹೊರಟವರು ಉಂಟು. ಕೆಲ ಕಾಲ ಬಾಳಿ ಬೇರೊಬ್ಬನ ಜೊತೆ ಹೋದವರೂ ಉಂಟು. ಹಾಗೆ ಹೋದವಳ ಫೋಟೋ ಹಾಕಿಸಿ, ಹುಡುಕಿಕೊಟ್ಟವರಿಗೆ ಬಹುಮಾನ ಅಂತ ಗಂಡಂದಿರು ಜಪಾನಿ ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿದ್ದರು. ಉಳಿದವರೇ ಜಾಸ್ತಿ. ಉಳಿದವರ ಬದುಕು ಹೇಗಿತ್ತು ಅನ್ನುವುದಕ್ಕೆ ಹವಾಯಿಯ ಕಬ್ಬಿನ ಗದ್ದೆಗೇ ಹೋಗಬೇಕು.

ಬೆಳಕು ಹರಿಯುವ ಮುಂಚೆ ಎದ್ದು ಅಡುಗೆ, ತಗಡಿನ ಡಬ್ಬಿಗೆ ಅನ್ನ. ಆಮೇಲೆ ಕಸೂರಿ ಅನ್ನುವ ನೀಲಿ ಹತ್ತಿ ಬಟ್ಟೆಯ ಉಡುಪು. ಊರಿಂದ ತಂದ ಕಿಮೊನೊವನ್ನೇ ಬಿಚ್ಚಿ ಹೊಲಿದದ್ದು ಎಷ್ಟೋ ಸಲ. ಮೊಣಕೈ ತನಕ ಬಟ್ಟೆಯ ಚೀಲ, ಕಾಲಿಗೆ ಪಟ್ಟಿ, ಕಣ್ಣಷ್ಟೇ ಕಾಣುವ ಹಾಗೆ ಮುಖಕ್ಕೆ ವಸ್ತ್ರ, ಮೇಲೆ ಹುಲ್ಲಿನ ಟೊಪ್ಪಿ. ಬಿಸಿಲಲ್ಲಿ ಇಷ್ಟೊಂದು ಯಾಕೆ ಅಂತ ಕಬ್ಬು ಬೆಳೆದವರು ಕೇಳುವುದಿಲ್ಲ. ರವದಿ, ಅಂದರೆ ಕಬ್ಬಿನ ಒಣ ಗರಿ, ಸುಲಿಯುವಾಗ ಅದರ ಅಂಚು ಚರ್ಮ ಕೊಯ್ಯುತ್ತದೆ, ಸುಂಕು ಒಳಗೆಲ್ಲ ಹೊಕ್ಕು ತುರಿಸುತ್ತದೆ. ಈ ಸುಲಿಯುವ ಕೆಲಸಕ್ಕೆ ಅಲ್ಲಿ ‘ಹೋಲೆಹೋಲೆ’ ಅನ್ನುತ್ತಿದ್ದರು. ಅದು ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತಿತ್ತು, ಕಳೆ ತೆಗೆಯುವುದೂ ಅಷ್ಟೇ. ಕೆಲಸದ ಹೊತ್ತಿನ ಅವರ ಹಾಡುಗಳಿಗೆ ‘ಹೋಲೆಹೋಲೆ ಬುಶಿ’ ಅಂತಲೇ ಹೆಸರು ಬಂತು. ಜಪಾನಿನ ರಾಗ, ಮಾತಲ್ಲಿ ಅಲ್ಲಲ್ಲಿ ಹವಾಯಿಯ ಪದ.

ಪ್ರತಿ ಆಳಿಗೂ ‘ಬ್ಯಾಂಗೊ’ ಅನ್ನುವ ಲೋಹದ ಬಿಲ್ಲೆ. ಅದರ ಮೇಲೆ ಒಂದು ನಂಬರು. ಸಂಬಳ, ಅಂಗಡಿ ಸಾಲ, ಹಾಜರಿ ಎಲ್ಲ ಆ ನಂಬರಿನಲ್ಲೇ. ಕುದುರೆ ಮೇಲಿನ ಮೇಸ್ತ್ರಿ ಹೆಸರು ಹಿಡಿದು ಕರೆಯಬೇಕಾಗೇ ಇರಲಿಲ್ಲ. ದಿನಕ್ಕೆ ಹತ್ತು ಗಂಟೆ ಗದ್ದೆ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹಲವರು ಬರುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಒಂಟಿ ಗಂಡಸರ ಬಟ್ಟೆ ಒಗೆದು, ಅವರಿಗೆ ಊಟ ಹಾಕಿ ನಾಲ್ಕು ಕಾಸು ಸೇರಿಸುತ್ತಿದ್ದರು. ಈ ದುಡಿಮೆಯನ್ನು ತೋಟದ ಲೆಕ್ಕದ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸಿಗುವುದು ಕೂಲಿಯ ಲೆಕ್ಕ. 1920ರಲ್ಲಿ ಗಂಡಸಿಗೆ ದಿನಕ್ಕೆ 77 ಸೆಂಟ್, ಹೆಂಗಸಿಗೆ 58. ಆ ವರ್ಷ ಹವಾಯಿಯ ಓವಾಹು ದ್ವೀಪದಲ್ಲಿ ಫಿಲಿಪಿನೊ ಮತ್ತು ಜಪಾನಿ ಕೂಲಿಗಳು ಮುಷ್ಕರ ಹೂಡಿದರು. ಗಂಡಸಿಗೆ 1.25 ಡಾಲರ್, ಹೆಂಗಸಿಗೆ 95 ಸೆಂಟ್ ಕೊಡಿ ಎಂಬುದು ಬೇಡಿಕೆ. ಸಮಾನತೆ ಬೇಡಿಕೆಯಲ್ಲೂ ಇರಲಿಲ್ಲ, ನೋಡಿ. ಆದರೆ ಅದೇ ಪಟ್ಟಿಯಲ್ಲಿ ಹೆರಿಗೆಗೆ ಎರಡು ವಾರ ಮುಂಚೆ, ಆರು ವಾರ ನಂತರ ಸಂಬಳ ಸಹಿತ ರಜೆ ಅನ್ನುವ ಬೇಡಿಕೆಯೂ ಇತ್ತು. ಸಾವಿರಾರು ಕುಟುಂಬಗಳನ್ನು ಫ್ಲೂ ಹರಡಿದ್ದ ಹೊತ್ತಲ್ಲೇ ತೋಟದ ಮನೆಗಳಿಂದ ಹೊರಹಾಕಿದರು. ಜುಲೈಗೆ ಮುಷ್ಕರ ಸೋತು ಮುಗಿಯಿತು. ಕೆಲವು ತಿಂಗಳ ನಂತರ ಕೂಲಿ ಮಾತ್ರ ಸದ್ದಿಲ್ಲದೆ ಏರಿತು.

ಅತ್ತ ಅಮೆರಿಕದ ಕರಾವಳಿಯಲ್ಲಿ ಮಾತು ಬೇರೆಯೇ ನಡೆದಿತ್ತು. ಒಂಟಿ ಕೂಲಿಗಳಿದ್ದಾಗ ‘ಇವರು ನೆಲೆ ನಿಲ್ಲುವವರಲ್ಲ’ ಅನ್ನುವ ದೂರು. ಹೆಂಡತಿ ಬಂದು, ಮಕ್ಕಳಾಗಿ, ಸಂಸಾರ ನಿಂತಾಗ ‘ಇವರು ನೆಲೆ ನಿಂತುಬಿಟ್ಟರು’ ಅನ್ನುವ ದೂರು. ಕ್ಯಾಲಿಫೋರ್ನಿಯಾ 1913ರಲ್ಲೇ ಜಪಾನಿಯರು ಜಮೀನು ಕೊಳ್ಳದ ಹಾಗೆ ಕಾನೂನು ಮಾಡಿತ್ತು. ಅಲ್ಲೇ ಹುಟ್ಟಿದ ಮಕ್ಕಳು ನಾಗರಿಕರು, ಆದ್ದರಿಂದ ಅವರ ಹೆಸರಲ್ಲಿ ಜಮೀನು ಮಾಡಿಕೊಂಡರು. ಫೋಟೋ ವಧು ಬಂದದ್ದೇ ಒಪ್ಪಂದಕ್ಕೆ ಕಣ್ಣುಕಟ್ಟಲು ಅನ್ನುವ ಪ್ರಚಾರ ಜೋರಾಯಿತು. 1920ರಲ್ಲಿ ಜಪಾನ್ ಅಮೆರಿಕದ ಮುಖ್ಯ ಭೂಮಿಗೆ ಹೋಗುವ ಫೋಟೋ ವಧುಗಳಿಗೆ ಪಾಸ್‌ಪೋರ್ಟ್ ನಿಲ್ಲಿಸಿತು. 1924ರ ವಲಸೆ ಕಾನೂನು ಹವಾಯಿಯನ್ನೂ ಮುಚ್ಚಿತು. ಅಷ್ಟರಲ್ಲಿ ಕೊರಿಯಾದವರೂ ಸೇರಿ 20,000ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೀಗೆ ಕಡಲು ದಾಟಿದ್ದರು. ಅಷ್ಟರೊಳಗೆ ಹೆಂಡತಿಯನ್ನು ಕರೆಸಿಕೊಳ್ಳಲಾಗದ ಎಷ್ಟೋ ಗಂಡಸರು ಕೊನೆತನಕ ಒಂಟಿಯಾಗಿ ಉಳಿದರು.

ವಲಸೆ ಬ್ರೆಜಿಲ್ ಕಡೆ ತಿರುಗಿತು. ಅಲ್ಲಿಗೆ 1908ರಲ್ಲೇ ‘ಕಸಾಟೊ ಮಾರು’ ಹಡಗಿನಲ್ಲಿ 781 ಜನ ಹೋಗಿದ್ದರು. ಕಾಫಿ ತೋಟದವರಿಗೆ ಒಂಟಿಗಳು ಬೇಡ, ದುಡಿಯುವ ಮೂವರಾದರೂ ಇರುವ ಕುಟುಂಬ ಬೇಕು. ಅದಕ್ಕಾಗಿ ನೆಂಟರನ್ನು ದತ್ತು ಬರೆಸಿ, ಹಡಗು ಹತ್ತುವ ಮುಂಚೆ ಕಾಗದದ ಮೇಲೆ ಜೋಡಿ ಮಾಡಿ ಕುಟುಂಬ ಕಟ್ಟಿದರು. ಇಲ್ಲಿಯೂ ಮೊದಲು ನಿಯಮ, ಆಮೇಲೆ ಮದುವೆ.

1942ರಲ್ಲಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಕೂಡಿಹಾಕಿದರು. ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ನಾಗರಿಕರು, ಅಂದರೆ ಬಹಳಷ್ಟು ಮಂದಿ ಈ ಹೆಣ್ಣುಮಕ್ಕಳ ಮಕ್ಕಳೇ. ತಾಯಂದಿರಿಗೆ ನಾಗರಿಕತ್ವ ಪಡೆಯುವ ಹಕ್ಕು ಸಿಕ್ಕಿದ್ದು 1952ರ ಕಾನೂನಿನಿಂದ. ಐವತ್ತು ದಾಟಿದ, ಅಲ್ಲಿ 20 ವರ್ಷ ಬಾಳಿದವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇತ್ತು. ಅಜ್ಜಿಯಂದಿರು ತರಗತಿಗೆ ಹೋಗಿ ಅಮೆರಿಕದ ಸಂವಿಧಾನವನ್ನು ಜಪಾನಿ ಭಾಷೆಯಲ್ಲಿ ಕಲಿತು, ಜಪಾನಿ ಭಾಷೆಯಲ್ಲೇ ಉತ್ತರ ಹೇಳಿದರು.